ತರುಣರ ಮೊದಲ ಕ್ಷೌರ

(ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇಂದಿನ ವಿಷಯವನ್ನು ಫಲಕದ ಮೇಲೆ ಬರೆದೊಡನೆಯೇ ಹಿಂದಿನ ಸಾಲಿನಿಂದ ನಗೆ ಕೇಳಿಬಂದಿತು. ನಗುವುದರಲ್ಲಿ ತಪ್ಪೇನೂ ಇಲ್ಲ. ಶಾಲೆಯ ವೇದಿಕೆಯಿಂದ ಶೀಲ, ಶಿಸ್ತು, ದೇಶಭಕ್ತಿಗಳನ್ನು ಕುರಿತು ಕೇಳಿ ಅಭ್ಯಾಸವಾದ ಕಿವಿಗಳಿಗೆ ಕ್ಷೌರವೆಂಬ ಮಾತು ವಿಚಿತ್ರವಾಗಿ ತೋರುವುದು ಸಹಜ. ಆದರೆ ಒಂಬತ್ತನೆಯ, ಹತ್ತನೆಯ ತರಗತಿಯ ಬಾಲಕರ ಮುಖಗಳನ್ನು ನಾವು ದಿನವೂ ಪ್ರಾರ್ಥನೆಯ ವೇಳೆಗೆ ಕಾಣುತ್ತಿರುತ್ತೇವೆ. ಗದ್ದದ ಕೆಳಗೆ ಕೆಂಪು ಗುಳ್ಳೆಗಳು, ಮೇಲ್ದುಟಿಯ ಬಳಿ ಒಣಗಿದ ರಕ್ತದ ಗೆರೆ, ಗಾಯಕ್ಕೆ ಅಂಟಿಸಿದ ಕಾಗದದ ಚೂರು. ಇವನ್ನು ಕಂಡಾಗಲೆಲ್ಲ ನಮಗೆ ಅನಿಸುವುದು ಒಂದೇ: ಈ ಹುಡುಗನಿಗೆ ಯಾರೂ ಹೇಳಿಕೊಟ್ಟಿಲ್ಲ. ಬರೆಯಲು, ಈಜಲು, ಸೈಕಲ್ಲು ತುಳಿಯಲು ಹೇಳಿಕೊಡುವ ನಾವು, ಹರಿತವಾದ ಉಕ್ಕನ್ನು ಕಂಠದ ಮೇಲೆ ಆಡಿಸುವ ಈ ಕೆಲಸವನ್ನು ಮಾತ್ರ ಮಕ್ಕಳು ತಾವೇ ಕದ್ದು ಕಲಿಯಲೆಂದು ಬಿಟ್ಟಿದ್ದೇವೆ.

ಕದ್ದು ಕಲಿತವರಲ್ಲಿ ನಾವೂ ಒಬ್ಬರು. ನಮಗೆ ಆಗ ಹದಿನಾರು ವರುಷ. ತಂದೆಯವರು ಸೊಲ್ಲಾಪುರದ ಗಿರಣಿಯಲ್ಲಿ ದುಡಿಯುತ್ತಿದ್ದರು. ವಾರದ ರಜೆಗೆ ಮಾತ್ರ ಊರಿಗೆ ಬರುವರು. ಅವರ ಹಳೆಯ ರೇಜರು ಬಚ್ಚಲ ಗೂಡಿನಲ್ಲಿ ಇರುತ್ತಿತ್ತು. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದ ವೇಳೆ ನೋಡಿ ಅದನ್ನು ಕೈಗೆತ್ತಿಕೊಂಡೆವು. ತಣ್ಣೀರು, ಮೈ ತೊಳೆಯುವ ಸಾಬೂನು, ಎಷ್ಟು ದಿನ ಬಳಸಿದ್ದೆಂದು ತಿಳಿಯದ ಬ್ಲೇಡು. ಕೂದಲು ಬರಲಿಲ್ಲವೆಂದು ಒತ್ತಿದೆವು. ಒತ್ತಿದರೂ ನುಣುಪಾಗಲಿಲ್ಲವೆಂದು ಕೆಳಗಿನಿಂದ ಮೇಲಕ್ಕೆ ಎಳೆದೆವು. ಸಂಜೆಯ ಹೊತ್ತಿಗೆ ಕತ್ತು ಮೆಣಸಿನಕಾಯಿ ಸವರಿದಂತೆ ಉರಿಯತೊಡಗಿತು. ಮೂರನೆಯ ದಿನ ಗುಳ್ಳೆಗಳೆದ್ದವು. ವಾರವಿಡೀ ಕತ್ತಿಗೆ ಕರವಸ್ತ್ರ ಕಟ್ಟಿಕೊಂಡು ಶಾಲೆಗೆ ಹೋದೆವು.

ನಮ್ಮ ಗಲ್ಲಿಯ ಹಿರಿಯರಿಗೆ ಕ್ಷೌರ ಮಾಡಲು ಮನೆಮನೆಗೆ ಬರುತ್ತಿದ್ದ ಕ್ಷೌರಿಕರೊಬ್ಬರಿದ್ದರು. ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆವು. ಅವರು ಕರವಸ್ತ್ರವನ್ನು ಕಂಡು, "ಯಾಕೋ ತಮ್ಮಾ, ಯಾರ ಕೂಡ ಜಗಳಾ ಮಾಡೀದಿ?" ಎಂದು ಕೇಳಿ, ಬಿಚ್ಚಿ ನೋಡಿ, ನಗದೆ, ಹತ್ತಿರ ಕೂಡಿಸಿಕೊಂಡರು. ಇಂದು ನಾವು ಹೇಳಲಿರುವುದರಲ್ಲಿ ಅರ್ಧದಷ್ಟು ಅವರು ಆ ಕಟ್ಟೆಯ ಮೇಲೆ ಕಲಿಸಿದ್ದು. ಮಿಕ್ಕರ್ಧ ಮುಂದೆ ವಿಜ್ಞಾನದ ಶಿಕ್ಷಕರಾದ ಮೇಲೆ ಓದಿ ತಿಳಿದದ್ದು.

ಮೊದಲು ಈ ಉಪಕರಣದ ಮಾತು. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಎಂಬವನು ಬಾಟಲಿಯ ಮುಚ್ಚಳ ತಯಾರಿಸುವ ಕಂಪನಿಯಲ್ಲಿ ಮಾರಾಟಗಾರನಾಗಿದ್ದವನು. ಒಮ್ಮೆ ಬಳಸಿ ಎಸೆಯುವ ಮುಚ್ಚಳದಂತೆ, ಮೊಂಡಾದರೆ ಎಸೆದುಬಿಡಬಹುದಾದ ತೆಳು ಬ್ಲೇಡು ಏಕಿರಬಾರದೆಂದು ಅವನಿಗೆ ಹೊಳೆಯಿತು. ಅಷ್ಟು ತೆಳುವಾದ ಉಕ್ಕಿನ ಹಾಳೆಗೆ ಹದ ಕೊಡುವುದು ಅಸಾಧ್ಯವೆಂದು ಬಲ್ಲವರು ಹೇಳಿದರು. ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರನು ಅದನ್ನು ಸಾಧಿಸಿಕೊಟ್ಟನು. ಮಾರಾಟದ ಮೊದಲ ವರ್ಷವಾದ 1903ರಲ್ಲಿ ಹೋದದ್ದು 51 ರೇಜರುಗಳು, 168 ಬ್ಲೇಡುಗಳು ಮಾತ್ರ. 1904ರಲ್ಲಿ ಪೇಟೆಂಟು ದೊರೆಯಿತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ ಚೀಲ ಸೇರಿದ ಮೇಲೆ ಅದು ಲೋಕವನ್ನೇ ಸುತ್ತಿತು. ಅದಕ್ಕಿಂತ ಹಿಂದೆ ಬಯಲು ಕತ್ತಿಯಿಂದ ಕ್ಷೌರ ಮಾಡಿಕೊಳ್ಳಲು ಸಾಣೆಯ ವಿದ್ಯೆಯೂ ಕೈಯ ಪಳಗೂ ಬೇಕಾಗಿದ್ದವು.

ಇಲ್ಲಿ ಮೇಜಿನ ಮೇಲೆ ಇಟ್ಟಿರುವ ರೇಜರನ್ನು ನೋಡಿರಿ. ಮೂರೇ ಭಾಗ: ಮೇಲಿನ ಮುಚ್ಚಳ, ನಡುವಿನ ತಟ್ಟೆ, ಕೆಳಗಿನ ಹಿಡಿ. ಮುಚ್ಚಳಕ್ಕೂ ತಟ್ಟೆಗೂ ನಡುವೆ ಬ್ಲೇಡು ಬಾಗಿ ಕೂಡುತ್ತದೆ. ತಟ್ಟೆಯ ಅಂಚು ಚರ್ಮಕ್ಕೆ ಕಾವಲು. ಸೇಫ್ಟಿ ಎಂಬ ಹೆಸರು ಬಂದಿರುವುದು ಈ ಕಾವಲಿನಿಂದ. ಹೆಸರನ್ನು ನಂಬಿ ಮೈಮರೆಯಬೇಡಿರಿ. ಬ್ಲೇಡನ್ನು ಹಾಕುವಾಗಲೂ ತೆಗೆಯುವಾಗಲೂ ಹರಿತವಿಲ್ಲದ ಎರಡು ಕಿರಿದಾದ ತುದಿಗಳನ್ನೇ ಹಿಡಿಯತಕ್ಕದ್ದು. ಬೆರಳು ಕೊಯ್ದುಕೊಳ್ಳುವುದು ಬಹುತೇಕ ಕ್ಷೌರದಲ್ಲಲ್ಲ, ಈ ಹಂತದಲ್ಲಿ.

ಇನ್ನು ಕಾಕಾ ಅವರ ಪಾಠ. ಅವರು ಮೊದಲು ಕೇಳಿದ್ದು, ನೀರು ಎಷ್ಟು ಹೊತ್ತು ಹಚ್ಚಿದೆ ಎಂದು. ನಾವು ಹಚ್ಚಿಯೇ ಇರಲಿಲ್ಲ, ಒದ್ದೆ ಮಾಡಿದ್ದೆವಷ್ಟೆ. ಒಣಗಿದ ಗಡ್ಡದ ಕೂದಲು ಗಡುಸು; ಬೆಚ್ಚನೆಯ ನೀರನ್ನು ಎರಡು ಮೂರು ನಿಮಿಷ ಹೀರಿದರೆ ಉಬ್ಬಿ ಮೆತ್ತಗಾಗುತ್ತದೆ, ಕಡಿಯಲು ಬೇಕಾದ ಬಲವು ಬಹಳಷ್ಟು ಇಳಿಯುತ್ತದೆ. ಆದುದರಿಂದ ಸ್ನಾನವಾದ ಕೂಡಲೇ ಕ್ಷೌರಕ್ಕೆ ಕುಳಿತುಕೊಳ್ಳುವುದು ಲೇಸು. ಇಲ್ಲವಾದರೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡಿರಬಹುದು.

ತರುವಾಯ ನೊರೆ. ನಮ್ಮ ಭಾಗದವರಿಗೆ ಇಲ್ಲೊಂದು ತೊಡಕಿದೆ, ಅದನ್ನು ಮನೆಯ ತಾಯಂದಿರು ನಮಗಿಂತ ಚೆನ್ನಾಗಿ ಬಲ್ಲರು. ಕೊಳವೆಬಾವಿಯ ಸವುಳು ನೀರಿನಲ್ಲಿ ಬಟ್ಟೆಯ ಸಾಬೂನೂ ನೊರೆ ಬಿಡದು, ಬೇಳೆಯೂ ಬೇಯದು. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಬೂನಿನೊಡನೆ ಕೂಡಿ ಬಿಳಿಯ ಗಸಿಯಾಗುತ್ತವೆಂದು ಹತ್ತನೆಯ ತರಗತಿಯವರು ಓದಿದ್ದೀರಿ. ಪರೀಕ್ಷೆಗೆ ಬರೆಯುತ್ತೀರಿ, ಬಚ್ಚಲಿನಲ್ಲಿ ಮರೆಯುತ್ತೀರಿ. ನೊರೆ ತೆಳುವಾದರೆ ಬ್ಲೇಡು ಜಾರುವುದಿಲ್ಲ, ಚರ್ಮವನ್ನು ಕೆರೆಯುತ್ತದೆ. ಕ್ಷೌರಕ್ಕೆ ಬೇಕಾಗುವುದು ಒಂದು ಬಟ್ಟಲು ನೀರು. ಕುದಿಸಿ ಆರಿಸಿ ತಿಳಿಯಾದ ನೀರನ್ನೋ ಹಿಡಿದಿಟ್ಟ ಮಳೆನೀರನ್ನೋ ಬಳಸಿರಿ. ಕುದಿಸುವುದರಿಂದ ಗಡಸುತನದ ಒಂದು ಪಾಲಾದರೂ ತಳಕ್ಕಿಳಿಯುತ್ತದೆ. ಮೈಸಾಬೂನನ್ನು ಬಿಟ್ಟು ಕ್ಷೌರದ ಸಾಬೂನನ್ನೇ ತೆಗೆದುಕೊಂಡು, ಒದ್ದೆ ಮಾಡಿದ ಬ್ರಶ್ಶಿನಿಂದ ಸುತ್ತಿ ಸುತ್ತಿ ಹಚ್ಚಿದರೆ ಮೊಸರಿನಂಥ ನೊರೆ ಬರುತ್ತದೆ, ಬಿದ್ದುಕೊಂಡ ಕೂದಲೂ ಎದ್ದು ನಿಲ್ಲುತ್ತದೆ.

ಆಮೇಲೆ ಕಾಕಾ ಅವರು ನಮ್ಮ ಕೈಯನ್ನು ನಮ್ಮ ಗಲ್ಲದ ಮೇಲೆಯೇ ಇರಿಸಿ ಸವರಿಸಿದರು. ಒಂದು ದಿಕ್ಕಿಗೆ ಸವರಿದರೆ ನುಣುಪು, ಎದುರು ದಿಕ್ಕಿಗೆ ಒರಟು. ನುಣುಪಾಗಿ ಹೋಗುವ ದಿಕ್ಕೇ ಕೂದಲಿನ ಓಟ. ಗಲ್ಲದ ಮೇಲೆ ಅದು ಸಾಮಾನ್ಯವಾಗಿ ಕೆಳಮುಖ. ಕತ್ತಿನಲ್ಲಿ ಕೆಲವರಿಗೆ ಮೇಲ್ಮುಖ, ಕೆಲವರಿಗೆ ಅಡ್ಡ, ಕೆಲವರಿಗೆ ಸುಳಿ. ಕತ್ತಿನಲ್ಲಿಯೇ ಎಲ್ಲರಿಗೂ ಗುಳ್ಳೆಯೇಳುವುದೇಕೆಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಓಟಕ್ಕೆ ಎದುರಾಗಿ ಬುಡಮಟ್ಟ ಕತ್ತರಿಸಿದ ಕೂದಲಿನ ತುದಿ ಚೂಪಾಗಿ ಚರ್ಮದ ಒಳಗೆ ಸರಿಯುತ್ತದೆ. ಬೆಳೆಯುವಾಗ ಹೊರದಾರಿ ಕಾಣದೆ ಒಳಗೇ ಬಾಗಿ ಚುಚ್ಚುತ್ತದೆ. ಗುಂಗುರು ಕೂದಲಿನವರಿಗೆ ಈ ಕಾಟ ಹೆಚ್ಚು. ಎರಡು ದಿನದ ಗಡ್ಡವಿರುವಾಗ ಕನ್ನಡಿಯ ಮುಂದೆ ನಿಂತು ನಿಮ್ಮ ನಿಮ್ಮ ಮುಖದ ನಕ್ಷೆಯನ್ನು ಬೆರಳಿನಿಂದ ತಿಳಿದುಕೊಳ್ಳಿರಿ. ಗೆಳೆಯನ ನಕ್ಷೆ ನಿಮಗೆ ಒದಗುವುದಿಲ್ಲ.

ಈಗ ರೇಜರು. ಹಿಡಿಯ ತುದಿಯನ್ನು ಎರಡು ಮೂರು ಬೆರಳುಗಳಲ್ಲಿ ಹಗುರವಾಗಿ ಹಿಡಿದು, ಮುಚ್ಚಳದ ಮೇಲ್ಭಾಗವನ್ನು ಗಲ್ಲಕ್ಕೆ ತಾಗಿಸಿರಿ. ಹಿಡಿ ಆಗ ಗಲ್ಲದಿಂದ ನೆಟ್ಟಗೆ ಹೊರಕ್ಕೆ ಚಾಚಿರುತ್ತದೆ. ಹಿಡಿಯನ್ನು ಮೆಲ್ಲಗೆ ಇಳಿಸುತ್ತ ಬಂದರೆ ಒಂದು ಹಂತದಲ್ಲಿ ಬ್ಲೇಡು ಚರ್ಮವನ್ನು ಮುಟ್ಟುತ್ತದೆ. ಅಲ್ಲಿಯೇ ನಿಲ್ಲಿಸಿರಿ. ಬ್ಲೇಡಿಗೂ ಚರ್ಮಕ್ಕೂ ಸುಮಾರು 30 ಅಂಶದ ಕೋನ ಏರ್ಪಟ್ಟಿರುತ್ತದೆ. ಕೋನಮಾಪಕ ತರುವ ಅಗತ್ಯವಿಲ್ಲ. ಕೂದಲು ಕಡಿಯುವ ಸಣ್ಣ ಸಪ್ಪಳವೇ ಗುರುತು. ಅರ್ಧ ಅಂಗುಲ, ಒಂದು ಅಂಗುಲದ ಗಿಡ್ಡ ಎಳೆತಗಳು ಸಾಕು. ಇನ್ನೊಂದು ಕೈಯಿಂದ ಚರ್ಮವನ್ನು ತುಸು ಬಿಗಿಹಿಡಿಯಿರಿ. ಎಂದೂ ಅಡ್ಡಡ್ಡ ಜಾರಿಸಬೇಡಿರಿ. ಒತ್ತುವ ವಿಷಯದಲ್ಲಿ ಕಾಕಾ ಅವರ ಮಾತು ಇಂದಿಗೂ ಕಿವಿಯಲ್ಲಿದೆ: "ಒತ್ತಬ್ಯಾಡೋ ತಮ್ಮಾ, ಅದರ ಭಾರಾನ ಸಾಕು." ಉರಿ ಬರುವುದು ಬ್ಲೇಡಿನಿಂದಲ್ಲ, ನಮ್ಮ ತೋಳಿನಿಂದ.

ಮೊದಲ ಸುತ್ತು ಓಟದ ದಿಕ್ಕಿಗೇ. ಕಲಿಯುವವರು ಮೊದಲ ಕೆಲವು ವಾರ ಅಷ್ಟಕ್ಕೇ ಬಿಡುವುದು ಒಳ್ಳೆಯದು. ಸ್ವಲ್ಪ ತರಿ ಉಳಿದರೆ ಶಾಲೆಯಲ್ಲಿ ಯಾರೂ ಅಳೆಯಲು ಬರುವುದಿಲ್ಲ. ಇನ್ನೊಂದು ಸುತ್ತು ಬೇಕೇ ಬೇಕೆಂದರೆ ಮತ್ತೆ ನೊರೆ ಹಚ್ಚಿ, ಓಟಕ್ಕೆ ಅಡ್ಡವಾಗಿ. ನೊರೆಯಿಲ್ಲದ ಜಾಗದ ಮೇಲೆ ಮತ್ತೆ ಮತ್ತೆ ಎಳೆಯುವುದೇ ಸಕಲ ಗುಳ್ಳೆಗಳ ತವರು. ಮೊಡವೆ ಇದ್ದಲ್ಲಿ ಸುತ್ತಿ ಹೋಗಿರಿ. ಮೊಡವೆಗಳು ಕೀವು ತುಂಬಿದ್ದರೆ ಆ ವಾರ ಕ್ಷೌರವನ್ನೇ ಬಿಡಿರಿ.

ಮುಗಿದ ಮೇಲೆ ತಣ್ಣೀರು. ಬಳಿಕ ಪಟಿಕದ ತುಂಡನ್ನು ಒದ್ದೆ ಮಾಡಿ ಹಗುರವಾಗಿ ಸವರಿ, ಕ್ಷಣ ಬಿಟ್ಟು ತೊಳೆಯಿರಿ. ನಮ್ಮ ಪೇಟೆಯಲ್ಲಿ ತುರಟಿ ಎಂದು ಕೇಳಿದರೆ ಬೇಗ ಸಿಗುತ್ತದೆ. ಅದು ಪೊಟ್ಯಾಸಿಯಂ ಮತ್ತು ಅಲ್ಯೂಮಿನಿಯಂ ಸಲ್ಫೇಟುಗಳ ಜೋಡಿ ಲವಣ. ಸಣ್ಣ ಗಾಯದ ರಕ್ತವನ್ನು ನಿಲ್ಲಿಸುತ್ತದೆ. ಅದು ಎಲ್ಲಿ ಚುರುಗುಟ್ಟುತ್ತದೆಯೋ ಅಲ್ಲಿ ಹೆಚ್ಚು ಒತ್ತಿದ್ದೀರೆಂದು ತಿಳಿಯತಕ್ಕದ್ದು. ಇದಕ್ಕಿಂತ ಪ್ರಾಮಾಣಿಕವಾಗಿ ಗುಣಾಂಕ ಕೊಡುವ ಪರೀಕ್ಷಕರನ್ನು ನಾವು ಕಂಡಿಲ್ಲ. ಪರಿಮಳದ ದ್ರವಗಳಲ್ಲಿ ಬಹಳಷ್ಟಕ್ಕೆ ಮದ್ಯಸಾರ ಬೆರೆತಿರುತ್ತದೆ, ಎಳೆಯ ಚರ್ಮಕ್ಕೆ ಅವು ಬೇಡ.

ಬ್ಲೇಡು ಎಷ್ಟು ದಿನ? ಐದಾರು ಸಲ ಎಂಬುದು ಸಾಧಾರಣ ಲೆಕ್ಕ. ಎಳೆದಂತೆ ಅನಿಸಿದ ದಿನ ಬದಲಿಸಿರಿ. ಉಕ್ಕಿಗಿಂತ ಐವತ್ತು ಪಟ್ಟು ಮೆದುವಾದ ಕೂದಲು ಉಕ್ಕನ್ನು ಹೇಗೆ ಮೊಂಡಾಗಿಸುತ್ತದೆ ಎಂಬುದನ್ನು 2020ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು: ಅಂಚು ಸವೆಯುವುದಕ್ಕಿಂತ ಹೆಚ್ಚಾಗಿ, ಬಾಗಿದ ಕೂದಲು ತಾಗಿದಲ್ಲಿ ಕಣ್ಣಿಗೆ ಕಾಣದ ಚಕ್ಕೆಗಳು ಏಳುತ್ತವೆ. ನಿಕರ್ಸನ್ ಓದಿದ್ದೂ ಅದೇ ಸಂಸ್ಥೆಯಲ್ಲಿ. ಬ್ಲೇಡಿಗೆ ಕೆಲವೇ ರೂಪಾಯಿ. ಆ ಉಳಿತಾಯಕ್ಕಾಗಿ ಮುಖವನ್ನು ಕೆಡಿಸಿಕೊಳ್ಳಬೇಡಿರಿ.

ಹುಡುಗರಲ್ಲಿ ಒಂದು ನಂಬಿಕೆಯಿದೆ, ಬೇಗ ಬೇಗ ಕ್ಷೌರ ಮಾಡಿದರೆ ಮೀಸೆ ದಟ್ಟವಾಗುವುದೆಂದು. 1928ರಲ್ಲಿಯೇ ಅಮೆರಿಕದ ಮಿಲ್‌ಡ್ರೆಡ್ ಟ್ರಾಟರ್ ಎಂಬ ವಿದುಷಿ ಪರೀಕ್ಷಿಸಿ ನೋಡಿ, ಹಾಗಾಗುವುದಿಲ್ಲವೆಂದು ತೋರಿಸಿದ್ದಾರೆ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಒರಟೆನಿಸುತ್ತದೆ, ಅಷ್ಟೆ. ಬರದ ಮೀಸೆಗಾಗಿ ಗಾಯ ಮಾಡಿಕೊಂಡವರು ಇಲ್ಲಿ ಮೂವರಿದ್ದಾರೆ, ಹೆಸರು ಹೇಳುವುದಿಲ್ಲ.

ಇದೊಂದನ್ನು ಮಾತ್ರ ನಾವು ಗಟ್ಟಿಯಾಗಿ ಹೇಳುತ್ತೇವೆ. ಒಬ್ಬರು ಬಳಸಿದ ಬ್ಲೇಡನ್ನು ಇನ್ನೊಬ್ಬರು ಮುಟ್ಟಬಾರದು. ಅಣ್ಣನದಾಗಲಿ, ಪ್ರಾಣಸ್ನೇಹಿತನದಾಗಲಿ, ತಂದೆಯದೇ ಆಗಲಿ. ಹೆಪಟೈಟಿಸ್ ಬಿ ಎಂಬ ಯಕೃತ್ತಿನ ರೋಗದ ವೈರಾಣು ದೇಹದ ಹೊರಗೆ ಏಳು ದಿನವಾದರೂ ಬದುಕಿರಬಲ್ಲುದು. ಕಣ್ಣಿಗೆ ಕಾಣದಷ್ಟು ರಕ್ತವೂ ಅದಕ್ಕೆ ಸಾಕು. ಹೆಪಟೈಟಿಸ್ ಸಿ ಕೂಡ ರಕ್ತದಿಂದಲೇ ಹರಡುತ್ತದೆ. ನಾವು ಅಂದು ಮಾಡಿದ ಕೆಲಸದಲ್ಲಿ ಉರಿಗಿಂತ ಭಯಂಕರವಾದ ಭಾಗ ಇದಾಗಿತ್ತು, ಅದು ಆಗ ನಮಗೂ ತಿಳಿಯದು, ತಂದೆಯವರಿಗೂ ತಿಳಿಯದು. ಅಂಗಡಿಗೆ ಹೋದಾಗಲೂ "ಕಾಕಾ, ಹೊಸಾ ಬ್ಲೇಡು ಹಾಕ್ರಿ" ಎಂದು ಕೇಳಲು ಸಂಕೋಚಪಡಬೇಡಿರಿ. ಒಳ್ಳೆಯ ಕ್ಷೌರಿಕರು ಕೇಳುವ ಮೊದಲೇ ಹೊಸದನ್ನು ಬಿಚ್ಚಿ ತೋರಿಸುತ್ತಾರೆ.

ಪಾಲಕರಿಗೆ ಒಂದು ಮಾತು. ಆ ವಾರದ ಕೊನೆಗೆ ನಮ್ಮ ತಂದೆಯವರು ಊರಿಗೆ ಬಂದರು. ಕತ್ತಿನ ಗುಳ್ಳೆಗಳನ್ನು ಕಂಡರು. ಏನೂ ಅನ್ನಲಿಲ್ಲ. ಮುಂದಿನ ವಾರ ಬಂದಾಗ ಗೂಡಿನಲ್ಲಿ ಅವರ ರೇಜರಿನ ಪಕ್ಕದಲ್ಲಿ ಹೊಸದೊಂದು ರೇಜರು, ಒಂದು ಪೊಟ್ಟಣ ಬ್ಲೇಡು ಇದ್ದವು. ಅವರು ಇದು ನಿನ್ನದು ಎಂದು ಹೇಳಲಿಲ್ಲ, ನಾವೂ ಕೇಳಲಿಲ್ಲ. ಅವರು ಹೋಗಿ ಈಗ ಬಹಳ ವರ್ಷಗಳಾದವು. ಕನ್ನಡಿಯ ಮುಂದೆ ಅವರ ಪಕ್ಕದಲ್ಲಿ ನಿಂತು ಕಲಿಯುವ ಆ ಹತ್ತು ನಿಮಿಷ ನಮಗೆ ದೊರೆಯಲಿಲ್ಲವೆಂಬ ಕೊರತೆ ಇಂದೂ ಇದೆ. ತಂದೆಯಿಲ್ಲದ ಮಕ್ಕಳಿಗೆ ಸೋದರಮಾವನೋ ಅಣ್ಣನೋ ನಿಲ್ಲಬಹುದು. ಯಾರೂ ಇಲ್ಲದವರು ಶನಿವಾರ ಶಾಲೆ ಬಿಟ್ಟ ಮೇಲೆ ಪ್ರಯೋಗಾಲಯಕ್ಕೆ ಬನ್ನಿರಿ, ನಾವಿದ್ದೇವೆ.

ಹಳೆಯ ಬ್ಲೇಡುಗಳನ್ನು ಬಚ್ಚಲ ಕಿಟಕಿಯಲ್ಲಿಡಬೇಡಿರಿ, ಕಸಕ್ಕೆ ಬಿಡಿಯಾಗಿ ಎಸೆಯಬೇಡಿರಿ. ಕಸ ಆಯುವವರ ಬೆರಳುಗಳನ್ನು ನೆನೆಯಿರಿ. ಮುಚ್ಚಿದ ತಗಡಿನ ಡಬ್ಬಿಗೆ ಸೀಳು ಮಾಡಿ ಅದರಲ್ಲಿ ಹಾಕುತ್ತ ಹೋದರೆ ವರ್ಷಗಟ್ಟಲೆ ತುಂಬುವುದಿಲ್ಲ.

ಈಗ ಈ ರೇಜರನ್ನು ಮೊದಲ ಸಾಲಿನಿಂದ ಕಳುಹಿಸುತ್ತಿದ್ದೇವೆ. ಬ್ಲೇಡು ತೆಗೆದಿದೆ. ಒಬ್ಬೊಬ್ಬರೂ ಹಿಡಿದು ಗಲ್ಲದ ಮೇಲೆ ಕೋನವನ್ನು ನೋಡಿ ಮುಂದಿನವರಿಗೆ ಕೊಡಿರಿ. ತಂದೆಯವರು ಪಕ್ಕದಲ್ಲಿ ಕುಳಿತಿದ್ದರೆ ಮೊದಲು ಅವರ ಕೈಗೆ ಕೊಡಿರಿ.