ಡಿಶ್ಶಿಗೆ ಎತ್ತರ ಬೇಡ, ತೆರೆದ ಆಕಾಶ ಸಾಕು



ಮುಂಬೈಗೆ ಮಳೆ ಬರಲು ಇನ್ನು ಕೆಲವೇ ವಾರ. ಛತ್ರಿ, ರೇನ್‌ಕೋಟು ಹುಡುಕುವ ಈ ಹೊತ್ತಿನಲ್ಲಿ ಒಮ್ಮೆ ತಾರಸಿಗೆ ಹೋಗಿ ನಿಮ್ಮ ಟಿ.ವಿ. ಡಿಶ್ಶನ್ನೂ ನೋಡಿ ಬನ್ನಿ ಎಂದು ಹೇಳಬೇಕಾಗಿದೆ.

ಕಳೆದ ವರ್ಷದ ಮಾತು. ನಮ್ಮ ಕಟ್ಟಡದ ಮೇಲಿನ ಮಹಡಿಯಲ್ಲಿ ಕುಂದಾಪುರ ಕಡೆಯ ಅಜ್ಜಿಯೊಬ್ಬರಿದ್ದಾರೆ. ಅವರಿಗೆ ಚಂದನ ವಾಹಿನಿ ಬೇಕು. ಡಿಡಿ ಫ್ರೀ ಡಿಶ್ ಹಾಕಲು ಬಂದ ಹುಡುಗ ವಿಜಯಪುರದವನು. ಪ್ಯಾರಾಪೆಟ್ ಗೋಡೆಯ ಮೇಲೆ ಕುದುರೆ ಏರಿದಂತೆ ಕುಳಿತು, ಒಂದು ಕೈಯಲ್ಲಿ ಡಿಶ್, ಇನ್ನೊಂದರಲ್ಲಿ ಸ್ಪಾನರ್ ಹಿಡಿದಿದ್ದ. ಮೆಟ್ಟಿಲ ಬಳಿ ನಿಂತು "ಬಂತು, ಹೋಯ್ತು, ಸ್ವಲ್ಪ ಬಲಕ್ಕೆ" ಎಂದು ಕೂಗುವ ಕೆಲಸ ನನ್ನದು. ಅವನು ಎಲ್ಲಿ ಕುಳಿತಿದ್ದಾನೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿದ ಅಜ್ಜಿಗೆ ಕಂಡದ್ದು ಗಾಳಿಯಲ್ಲಿ ತೂಗುವ ಅವನ ಕಾಲು. "ಇಳಿ ಮಾರಾಯ! ಚಂದನ ನಾಳೆ ಬಂದ್ರೂ ಆಯ್ತು. ನೀನು ಬಿದ್ರೆ ನಿನ್ನ ಅಮ್ಮನಿಗೆ ಯಾರು ಉತ್ತರ ಹೇಳೋದು?" ಎಂದು ಕೂಗಿದರು. ನನಗೆ ನಾಚಿಕೆಯಾಯಿತು.

ಅವನನ್ನು ಇಳಿಸಿ, ಡಿಶ್ಶನ್ನು ತಾರಸಿಯ ಒಳಭಾಗಕ್ಕೆ ತಂದು ನೆಲದ ಮೇಲೇ ಇಟ್ಟು ನೋಡಿದೆವು. ಅರ್ಧ ಗಂಟೆಯಲ್ಲಿ ಚಂದನ ಬಂತು!

ಹಾಗಾದರೆ ಅಂಚಿಗೇಕೆ ಹೋಗುತ್ತೇವೆ? ಹಳೆಯ ದೂರದರ್ಶನ ಆಂಟೆನಾದ ಅಭ್ಯಾಸ. ಆಗ ಪ್ರಸಾರ ಬರುತ್ತಿದ್ದುದು ನೆಲದ ಮೇಲಿನ ಗೋಪುರದಿಂದ, ಹಾಗಾಗಿ ಎತ್ತರ ಬೇಕಿತ್ತು. ಡಿಶ್ ಹಿಡಿಯುವುದು ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹದ ಸಂಕೇತವನ್ನು. ಅಲ್ಲಿ ನಮ್ಮ ಹತ್ತಡಿಗೆ ಲೆಕ್ಕವೇ ಇಲ್ಲ. ಫ್ರೀ ಡಿಶ್ಶಿನ ಜಿಸ್ಯಾಟ್-15 ಉಪಗ್ರಹ ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಮುಂಬೈಯಿಂದ ನೋಡಿದರೆ ಆಗ್ನೇಯ ದಿಕ್ಕಿನಲ್ಲಿ, ಸುಮಾರು 57 ಡಿಗ್ರಿ ಮೇಲೆ. ಡಿಶ್ಶಿನ ನೋಟ ಆಕಾಶದತ್ತಲೇ. ಮುಂದೆ ಮೂರಡಿ ಪ್ಯಾರಾಪೆಟ್ ಇದ್ದರೂ ಮೂರಡಿ ಒಳಗೆ ಇಟ್ಟರೆ ಸಾಕು. ನೀರಿನ ಟ್ಯಾಂಕ್, ಮರ, ಎತ್ತರದ ಕಟ್ಟಡ ಆ ದಿಕ್ಕಿಗೆ ಅಡ್ಡ ಬರಬಾರದು, ಅಷ್ಟೆ.

ಇನ್ನು ಗಾಳಿ. 2021ರ ಮೇ 17ರಂದು ತೌಕ್ತೆ ಚಂಡಮಾರುತ ಹಾದುಹೋದಾಗ ಮುಂಬೈಯಲ್ಲಿ ಗಂಟೆಗೆ 100 ಕಿಲೋಮೀಟರ್ ಮೀರಿದ ಗಾಳಿ ಬೀಸಿತ್ತು. ಅಂಥ ಗಾಳಿ 60 ಸೆಂಟಿಮೀಟರ್ ಡಿಶ್ಶನ್ನು ನೇರವಾಗಿ ಹೊಡೆದರೆ ಸುಮಾರು 15 ಕಿಲೋ ಭಾರದಷ್ಟು ಒತ್ತಡ ಬೀಳುತ್ತದೆ. ಗಾರೆಗೆ ಹೊಡೆದ ಮೊಳೆ ಅದನ್ನು ತಡೆಯದು. ಗಟ್ಟಿ ಕಾಂಕ್ರೀಟಿಗೆ ಆಂಕರ್ ಬೋಲ್ಟ್ ಹಾಕಿಸಿ. ವಾಟರ್‌ಪ್ರೂಫಿಂಗ್ ಆದ ತಾರಸಿಯಾದರೆ ತೂತು ಕೊರೆಯಬೇಡಿ, ಕೆಳಗಿನ ಮನೆಗೆ ನೀರು ಸೋರುತ್ತದೆ. ಅಗಲವಾದ ಕಬ್ಬಿಣದ ಚೌಕಟ್ಟಿಗೆ ಸಿಮೆಂಟ್ ಬ್ಲಾಕ್‌ಗಳ ಭಾರ ಹೇರಿಸಿ. ನಾಲ್ಕು ಬಿಡಿ ಇಟ್ಟಿಗೆ ಇಟ್ಟು ಬಂದರೆ ಆಗದು. ಸೊಸೈಟಿಯ ಅನುಮತಿಯನ್ನೂ ಮೊದಲೇ ಕೇಳಿ.

ಈಗಾಗಲೇ ಡಿಶ್ ಇರುವವರು ತುಕ್ಕು ಹಿಡಿದ ನಟ್ಟು, ಅಲುಗಾಡುವ ಕಂಬ, ಬಿರುಕು ಬಿಟ್ಟ ಗೋಡೆ ನೋಡಿ. ಅಂಚಿನ ಹೊರಗೆ ಇರುವುದನ್ನು ನೀವೇ ಬಗ್ಗಿ ಮುಟ್ಟಬೇಡಿ, ಸುರಕ್ಷಾ ಬೆಲ್ಟ್ ಕಟ್ಟಿಕೊಳ್ಳುವ ಕೆಲಸಗಾರರನ್ನೇ ಕರೆಸಿ. ಹತ್ತಿರ ವಿದ್ಯುತ್ ತಂತಿ ಇದ್ದರೆ ಕಬ್ಬಿಣದ ಕಂಬ ಎತ್ತಲೇಬೇಡಿ. ಕಂಬಕ್ಕೆ ಎಲೆಕ್ಟ್ರಿಷಿಯನ್‌ನಿಂದ ಅರ್ಥಿಂಗ್ ಮಾಡಿಸಿ. ಗುಡುಗು ಶುರುವಾಗುವ ಮೊದಲೇ ಟಿ.ವಿ. ಪ್ಲಗ್ಗನ್ನೂ ಸೆಟ್‌ಟಾಪ್ ಬಾಕ್ಸಿನ ಕೇಬಲನ್ನೂ ತೆಗೆದಿಡಿ.

ಮಳೆ ಜೋರಾದಾಗ ಚಿತ್ರ ಹೋಗುವುದು ಸಹಜ. ಮಳೆಹನಿ ಆ ಸಂಕೇತವನ್ನು ತಡೆಯುತ್ತದೆ, ನಿಂತ ಮೇಲೆ ತಾನಾಗಿ ಬರುತ್ತದೆ. ಅದಕ್ಕಾಗಿ ಒದ್ದೆ ತಾರಸಿ ಹತ್ತಬೇಡಿ, ಯಾರನ್ನೂ ಹತ್ತಿಸಬೇಡಿ. ಆ ಹೊತ್ತಿಗೆ ರೇಡಿಯೋ ಇದ್ದೇ ಇದೆಯಲ್ಲ!