ಟೈಗರ್‌ನ ಹಗ್ಗ

ಲೆಸ್ಟರ್‌ನಿಂದ ಮಾತಾಡುತ್ತಿದ್ದೇನೆ. ಇವತ್ತಿನ ಮಾತು ನಿಮ್ಮ ಅಪ್ಪ ಅಮ್ಮನಿಗಲ್ಲ, ಇಲ್ಲೇ ಹುಟ್ಟಿ ಬೆಳೆದ ನಿಮಗೆ.

ನಮ್ಮ ಮನೆಯಲ್ಲಿ ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ಫೋನಿನ ಅಲಾರಂ ಹೊಡೆಯುತ್ತದೆ. ಯುಗಾದಿ ಕಾರ್ಯಕ್ರಮದ ನಡುವೆಯೂ ನಮ್ಮ ಯಜಮಾನರು ಎದ್ದು ಹೋಗಿ ಮಾತ್ರೆ ನುಂಗಿ ಬರುತ್ತಾರೆ. ಆಮೇಲೆ ಒಂದು ಗಂಟೆ ಏನೂ ತಿನ್ನುವಂತಿಲ್ಲ, ಹೋಳಿಗೆ ಕಾಯಬೇಕು. ಅವರಿಗೆ ಕಿಡ್ನಿ ಕಸಿ ಆಗಿದೆ. ಮಾತ್ರೆಯ ಹೆಸರು ಟ್ಯಾಕ್ರೊಲಿಮಸ್. 1984ರಲ್ಲಿ ಜಪಾನಿನ ತ್ಸುಕುಬಾದ ಮಣ್ಣಿನಲ್ಲಿದ್ದ ಬ್ಯಾಕ್ಟೀರಿಯಾದಿಂದ ಸಿಕ್ಕಿದ ಔಷಧ. ರೋಗನಿರೋಧಕ ಶಕ್ತಿಯನ್ನು, ಅದೇ ನೀವು ಇಮ್ಯುನಿಟಿ ಅನ್ನುತ್ತೀರಲ್ಲ, ಅದನ್ನು ಬೇಕೆಂದೇ ತಗ್ಗಿಸುವುದು ಅದರ ಕೆಲಸ.

ಯಾಕೆ ತಗ್ಗಿಸಬೇಕು? ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಪೀಟರ್ ಮೆಡವಾರ್ ಗ್ಲಾಸ್ಗೋದಲ್ಲಿ ಸುಟ್ಟಗಾಯದ ರೋಗಿಯೊಬ್ಬರಿಗೆ ಬೇರೆಯವರ ಚರ್ಮ ಕಸಿ ಮಾಡಿದ್ದನ್ನು ಗಮನಿಸಿದರು. ಮೊದಲ ಸಲ ಹಾಕಿದ ಚರ್ಮ ಕೆಲವು ದಿನ ನಿಂತಿತು. ಅದೇ ದಾನಿಯ ಚರ್ಮವನ್ನು ಮತ್ತೆ ಹಾಕಿದಾಗ ಇನ್ನೂ ಬೇಗ ಉದುರಿತು. ಅಂದರೆ ದೇಹ ಪರಕೀಯವನ್ನು ಗುರುತಿಸುತ್ತದೆ, ನೆನಪಿಟ್ಟುಕೊಳ್ಳುತ್ತದೆ. ಮೆಡವಾರ್ ಆಮೇಲೆ ನಮ್ಮ ಪಕ್ಕದ ಬರ್ಮಿಂಗ್‌ಹ್ಯಾಮ್‌ನಲ್ಲಿ 1947ರಿಂದ 1951ರವರೆಗೆ ಪ್ರೊಫೆಸರ್ ಆಗಿದ್ದರು. 1960ರಲ್ಲಿ ನೊಬೆಲ್ ಬಂತು.

ಈಗ 2020ಕ್ಕೆ ಬನ್ನಿ. ಜೂನ್ 29ರಂದು ಲೆಸ್ಟರ್‌ಗೆ ಮಾತ್ರ ಲಾಕ್‌ಡೌನ್ ಮುಂದುವರಿಯುತ್ತದೆ ಎಂದು ಘೋಷಿಸಿದ್ದು ನಿಮ್ಮಲ್ಲಿ ದೊಡ್ಡವರಿಗೆ ನೆನಪಿರಬಹುದು. ಇಂಥ ಮಾತ್ರೆ ತೆಗೆದುಕೊಳ್ಳುವವರು ಮಾರ್ಚ್‌ನಿಂದಲೇ ಶೀಲ್ಡಿಂಗ್‌ನಲ್ಲಿದ್ದರು. ಆಗಸ್ಟ್ 1ಕ್ಕೆ ಇಂಗ್ಲೆಂಡಿನ ಹೆಚ್ಚಿನ ಕಡೆ ಅದು ನಿಂತಿತು, ಲೆಸ್ಟರ್‌ನಲ್ಲಿ ನಿಲ್ಲಲಿಲ್ಲ. ಯಜಮಾನರು ಮಹಡಿಯ ಕೋಣೆಯಲ್ಲಿ, ಊಟದ ತಟ್ಟೆ ಬಾಗಿಲ ಹೊರಗೆ.

ಅರಸೀಕೆರೆ ಹತ್ತಿರದ ಊರಿನಿಂದ ನಮ್ಮತ್ತೆ ದಿನಾ ವಾಟ್ಸಾಪ್‌ನಲ್ಲಿ ಬರುತ್ತಿದ್ದರು. "ಅಮೃತಬಳ್ಳಿ ಕಷಾಯ ಮಾಡಿಕೊಡೇ, ಇಮ್ಯುನಿಟಿ ಬರುತ್ತೆ ಅಂತ ಟೀವಿಲಿ ಹೇಳ್ತಿದಾರೆ." ನಾನು "ಡಾಕ್ಟರ್ ಬೇಡ ಅಂದಿದಾರೆ ಅತ್ತೆ" ಅಂದೆ. ಅವರಿಗೆ ಬೇಸರವಾಯಿತು. ಮಗನಿಗೆ ಒಂದು ಲೋಟ ಕಷಾಯ ಕೊಡಿಸಲೂ ಆಗದಷ್ಟು ದೂರ. ಎರಡು ದಿನ ಫೋನ್ ಬರಲಿಲ್ಲ.

ಮೂರನೇ ದಿನ ಫೋನ್ ಎತ್ತಿದವಳು ನನ್ನ ಮಗಳು. ಆಗ ಹದಿನಾಲ್ಕು ವರ್ಷ. ಅವಳ ಕನ್ನಡ ಹರಕುಮುರುಕು.

"ಅಜ್ಜಿ, ನೆಂಟರು ಬಂದ್ರೆ ಟೈಗರ್‌ನ ಕಟ್ಟಿಹಾಕ್ತೀಯಲ್ಲ?"

"ಹೂಂ, ಇಲ್ದಿದ್ರೆ ಕಚ್ಚುತ್ತೆ."

"ಅಪ್ಪನ ಹೊಸ ಕಿಡ್ನಿ ನೆಂಟ್ರು. ಅವ್ರು ವಾಪಸ್ ಹೋಗಲ್ಲ. ಮಾತ್ರೆ ಹಗ್ಗ. ನಿನ್ನ ಕಷಾಯ ಟೈಗರ್‌ಗೆ ಬಾಡೂಟ."

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, "ಹಂಗಾದ್ರೆ ಕಳ್ಳ ಬಂದ್ರೆ ಏನ್ ಗತಿ?"

"ಅದಕ್ಕೇ ಅಪ್ಪ ರೂಮಿಂದ ಹೊರಗೆ ಬರ್ತಿಲ್ಲ, ಅಜ್ಜಿ."

ನಾನು ವರ್ಷಗಟ್ಟಲೆ ಹೇಳಲಾಗದ್ದನ್ನು ಅವಳು ಎರಡು ನಿಮಿಷದಲ್ಲಿ ಹೇಳಿದಳು. ಕ್ಲಿನಿಕ್ಕಿನ ಇಂಗ್ಲಿಷೂ ಅಜ್ಜಿಯ ಅಂಗಳವೂ ಎರಡೂ ಗೊತ್ತಿರುವುದು ನಿಮಗೆ. ಅದಕ್ಕೇ ಈ ಮಾತು ನಿಮಗೆ.

ಕಷಾಯದ ಭಯ ಸುಳ್ಳಲ್ಲ. ಅಮೃತಬಳ್ಳಿ ತೆಗೆದುಕೊಂಡ ಆರು ಜನರಿಗೆ ಪಿತ್ತಜನಕಾಂಗಕ್ಕೆ ಪೆಟ್ಟಾಗಿದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಆ ವಾದ ಇರಲಿ. ಇಮ್ಯುನಿಟಿ ಏರಿಸುತ್ತದೆ ಎಂದೇ ಮಾರುವ ವಸ್ತು, ಇಮ್ಯುನಿಟಿ ಇಳಿಸಬೇಕಾದವರ ಮನೆಗೆ ಯಾಕೆ?

ಇನ್ನೊಂದು ಕಡೆಯ ಅಪಾಯ ಹಣ್ಣಿನದು. ರಜೆಗೆ ಹೋದಾಗ ಏರ್‌ಪೋರ್ಟ್ ಪಕ್ಕದ ದೇವನಹಳ್ಳಿಯ ಚಕ್ಕೋತ ನೋಡಿದ್ದೀರಲ್ಲ? ಅದಕ್ಕೆ ಜಿಐ ಮಾನ್ಯತೆಯೂ ಇದೆ. ಗ್ರೇಪ್‌ಫ್ರೂಟ್‌ನ ಹಾಗೆ ಚಕ್ಕೋತವೂ ಕರುಳಿನಲ್ಲಿ ಟ್ಯಾಕ್ರೊಲಿಮಸ್ ಒಡೆಯುವ ಕಿಣ್ವವನ್ನು ತಡೆಯುತ್ತದೆ. ರಕ್ತದಲ್ಲಿ ಔಷಧ ಏರುತ್ತದೆ, ಹಗ್ಗ ಬಿಗಿಯಾಗುತ್ತದೆ. ತಮಾಷೆಯೆಂದರೆ ಮಟ್ಟ ಹೆಚ್ಚಾದರೆ ಈ ಔಷಧ ಕಿಡ್ನಿಗೇ ಹಾನಿ ಮಾಡುತ್ತದೆ. ಅದಕ್ಕೇ ಪದೇಪದೇ ರಕ್ತಪರೀಕ್ಷೆ. ಆ ದಿನ ಬೆಳಿಗ್ಗೆಯ ಮಾತ್ರೆ ರಕ್ತ ಕೊಟ್ಟ ಮೇಲೆ.

ಮಾತ್ರೆ ತರಲು ನಿಮ್ಮನ್ನೇ ಕಳಿಸಿದರೆ ಡಬ್ಬಿಯ ಮೇಲಿನ ಹೆಸರು ನೋಡಿ. ಅಡೊಪೋರ್ಟ್, ಪ್ರೋಗ್ರಾಫ್ ಎರಡರಲ್ಲೂ ಇರುವುದು ಟ್ಯಾಕ್ರೊಲಿಮಸ್ಸೇ, ಆದರೂ ಕ್ಲಿನಿಕ್ ಹೇಳದೆ ಒಂದರ ಬದಲು ಇನ್ನೊಂದು ತರಬೇಡಿ. ಊರಿಗೆ ಹೊರಡುವ ಮೊದಲು ಲಸಿಕೆಯ ಬಗ್ಗೆಯೂ ಕ್ಲಿನಿಕ್ಕಿನಲ್ಲಿ ಕೇಳಿ. ಎಂಎಂಆರ್‌ನಂಥ ಜೀವಂತ ಲಸಿಕೆ ಇವರಿಗೆ ಕೊಡುವುದಿಲ್ಲ. ಲೂಪಸ್, ಕ್ರೋನ್ಸ್ ಇರುವ ನಿಮ್ಮ ಗೆಳೆಯರಲ್ಲೂ ಇಂಥ ಬೇರೆ ಔಷಧಗಳ ಮೇಲಿರುವವರು ಇರಬಹುದು. ನೆಗಡಿಯಾದಾಗ ಅವರ ಮನೆಗೆ ಹೋಗಬೇಡಿ.

ಟೈಗರ್ ಹೋದ ವರ್ಷ ವಯಸ್ಸಾಗಿ ಸತ್ತಿತು. ಆದರೆ ಮಗ ಕ್ಲಿನಿಕ್ಕಿಗೆ ಹೋಗಿ ಬಂದ ದಿನ ಅತ್ತೆ ಈಗಲೂ ಫೋನ್ ಮಾಡಿ ಮೊದಲು ಕೇಳುವುದು, "ಹಗ್ಗ ಸರಿಯಾಗಿದೆಯೇನೋ?"