ಮೂರು ತಲೆಮಾರಿನಾಚೆಗೆ
(ಪುಣೆಯಲ್ಲಿ ವಂಶಶೋಧನ ತರಗತಿಗಳ ಆರಂಭದಂದು ಮಾಡಿದ ಭಾಷಣ)



ಶ್ರಾದ್ಧಕಾಲದಲ್ಲಿ ಪಿತೃ, ಪಿತಾಮಹ, ಪ್ರಪಿತಾಮಹರ ಹೆಸರುಗಳನ್ನು ನಾವು ಉಚ್ಚರಿಸುತ್ತೇವೆ. ಅದರಾಚೆಗೆ ಕೇಳಿದರೆ ಬಹುತೇಕರು ನಿರುತ್ತರರು. ಗಯೆಗೆ ಹೋದ ಹಿರಿಯರು ಅಲ್ಲಿಯ ಗಯಾವಾಳರ ವಹಿಗಳಲ್ಲಿ ತಮ್ಮ ಊರು, ಹೆಸರುಗಳನ್ನು ಬರೆಯಿಸಿ ಬಂದಿದ್ದಾರೆ. ಹರಿದ್ವಾರವೇ ಮೊದಲಾದ ಕ್ಷೇತ್ರಗಳ ಅನೇಕ ವಹಿಗಳ ಛಾಯಾಪ್ರತಿಗಳನ್ನು ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ಇಂದು ಉಚಿತವಾಗಿ ನೋಡಬಹುದು. ಹುಡುಕುವಾಗ ಮೂಲಗ್ರಾಮದ ಹೆಸರು ಕೈಯಲ್ಲಿರಬೇಕು. ಮುಂಬಯಿ, ಪುಣೆಯ ವಿಳಾಸದಿಂದ ಪ್ರಯೋಜನವಿಲ್ಲ!

ಧಾರವಾಡ ಸೀಮೆಯಲ್ಲಿ 1818ರ ಸುಮಾರಿನವರೆಗೆ ಪೇಶ್ವೆಯರ ಆಡಳಿತವಿತ್ತು. ಆ ಕಾಲದ ಇನಾಮು ಭೂಮಿಗಳ ಕಾಗದಪತ್ರಗಳು ಬಹುಮಟ್ಟಿಗೆ ಮೋಡಿ ಲಿಪಿಯಲ್ಲಿವೆ. ಇದೇ ಪುಣೆಯ ಪೇಶ್ವೆ ದಫ್ತರದಲ್ಲಿ ಅಂಥ ರುಮಾಲುಗಳು ರಾಶಿರಾಶಿಯಾಗಿವೆ. ಓದಬಲ್ಲ ವೃದ್ಧರು ನಮ್ಮ ಮನೆಗಳಲ್ಲಿ ಬೆರಳೆಣಿಕೆಯಷ್ಟೇ. ಅವರಿರುವಾಗಲೇ ಕಲಿಯಬೇಕೆಂಬುದೇ ಈ ತರಗತಿಗಳ ತ್ವರೆಗೆ ಕಾರಣ.

ಕಠಿಣವಾದುದು ಮಾತೃವರ್ಗದ ಶೋಧನೆ. ಮದುವೆಯಲ್ಲಿ ಹೆಸರು ಬದಲಿಸುವ ರೂಢಿಯಿಂದ ಎಷ್ಟೋ ಅಜ್ಜಿಯರಿಗೆ ಎರಡೆರಡು ಹೆಸರು. ತವರಿನ ಹೆಸರು ಯಾವ ಪಹಣಿಯಲ್ಲಿ ಸಿಕ್ಕೀತು? ಆದುದರಿಂದ ಗಣಕಯಂತ್ರದ ಮುಂದೆ ಕೂಡುವ ಮೊದಲು ಮನೆಯ ಹಿರಿಯ ಮಾತೆಯರ ಬಳಿ ಕುಳಿತುಕೊಳ್ಳಿರಿ. ಹುಟ್ಟುಹೆಸರು, ತವರೂರು, ತವರಿನ ಗೋತ್ರ, ಸೋದರಮಾವಂದಿರ ಹೆಸರು ಇವಿಷ್ಟನ್ನು ಬರೆದುಕೊಂಡು ಬರುವ ಭಾನುವಾರ ತನ್ನಿರಿ. ಅಲ್ಲಿಂದಲೇ ಪಾಠವನ್ನು ಆರಂಭಿಸೋಣ.